ಕಪ್ಪೆಗಳಿಗೆ ಕಟ್ಟಿದ ಬೇವು

ಗೆಳೆಯರೇ, ಇವತ್ತು ಏಕಾದಶಿ. ನಮ್ಮತ್ತೆ ಪುಣ್ಯ ಕಟ್ಟಿಕೊಳ್ಳಲು ನನ್ನ ಕಪ್ಪೆಗಳ ಬಕೆಟ್ ಹಿಡಿದು ಹೊರಟೇಬಿಟ್ಟಿದ್ದರು!

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಲ್ಯಾಬಿನ ಎರಡು ಕಪ್ಪೆಗಳಿಗೆ ಕಾಲು ಕೆಂಪಾಗುವ ಅಂಟುರೋಗ ಬಂದಿತ್ತು. ‘ಒಳಗೆ ಬರಬೇಡಿ’ ಅಂತ ಬೋರ್ಡು ಹಾಕಿದರೂ ಎಲ್ಲರೂ ನುಗ್ಗುತ್ತಾರೆ, ಪ್ರಿನ್ಸಿಪಾಲರೇ ಮೊದಲು. ಅದಕ್ಕೇ ರೋಗಿಗಳನ್ನು ಮುಂಬಯಿಯ ಚೆಂಬೂರಿನ ನಮ್ಮ ಮನೆಗೆ ತಂದು ಬಾಲ್ಕನಿಯಲ್ಲಿಟ್ಟಿದ್ದೆ.

ಕಾಲೋನಿಯ ಬಾವಿಯ ಹತ್ತಿರ ಓಡಿಹೋಗಿ ಅತ್ತೆಯನ್ನು ಅಡ್ಡಗಟ್ಟಿದೆ.

“ಪಾಪದ ಜೀವಗಳನ್ನ ಕೂಡಿಹಾಕಿದೀಯಲ್ಲೇ! ಬಾವೀಲಿ ಇವುಗಳ ಬಳಗ ಇದೆ, ಬಿಟ್ಟುಬಿಡ್ತೀನಿ.”

“ಬೇಡ ಅತ್ತೆ! ಇವಕ್ಕೆ ಅಂಟುರೋಗ. ಬಳಗಕ್ಕೆಲ್ಲ ಹರಡತ್ತೆ.”

ಪರದೇಶದವರ ಊಟಕ್ಕೆ ಕಪ್ಪೆ ಕಾಲು ಕಳಿಸುವುದನ್ನು ಸರ್ಕಾರ ನಿಲ್ಲಿಸಿದ ಮೇಲೆ, ಹಿಡಿಯುವವರ ಕಾಟ ತಪ್ಪಿ, ಈ ಮಳೆಗಾಲದಲ್ಲಷ್ಟೇ ಆ ಬಾವಿಯಲ್ಲಿ ಮತ್ತೆ ವಟವಟ ಕೇಳಿಸುತ್ತಿದೆ.

ಅತ್ತೆ ಬಕೆಟ್ ಕೆಳಗಿಟ್ಟರು. “ಅಂಟು ಅಂತ ಮೊದಲೇ ಹೇಳಬಾರದಾ?”

ಆಮೇಲೆ ನೋಡಬೇಕಿತ್ತು ಅವರ ಕಾರುಬಾರು! ಕಪ್ಪೆಗಳಿಗೆ ಬೇರೆ ಚೊಂಬು. ಅವನ್ನು ಮುಟ್ಟಿದರೆ ಸ್ನಾನ ಮಾಡದೆ ನನಗೆ ಅಡುಗೆಮನೆ ಪ್ರವೇಶವಿಲ್ಲ. ಮಕ್ಕಳಿಗೆ ಅಮ್ಮ ಆದಾಗ ಕಟ್ಟುವ ಹಾಗೆ ಮುಂಬಾಗಿಲಿಗೆ ಬೇವಿನ ಸೊಪ್ಪು.

ಸಂಜೆ ಪಕ್ಕದ ಮನೆಯ ಮರಾಠಿ ಕಾಕು ಬಂದವರು ಸೊಪ್ಪು ನೋಡಿ ಹೊಸ್ತಿಲಾಚೆಯೇ ನಿಂತರು. “ಕಿಸ್ಕೋ ಮಾತಾ ಆಯೀ ಹೈ?” ಯಾರಿಗೆ ಅಮ್ಮ ಆಗಿದೆ ಅಂತ.

ಅತ್ತೆ ತಮ್ಮ ಹಿಂದಿಯಲ್ಲಿ ಗಂಭೀರವಾಗಿ ಹೇಳಿದರು, “ಕಪ್ಪೆ ಕೋ.”

ಕಾಕು ಇನ್ನೇನೂ ಕೇಳದೆ ಮೆಟ್ಟಿಲಿಳಿದರು.

ನಾಳೆ ಲ್ಯಾಬಿನ ಬಾಗಿಲಿಗೂ ಒಂದು ಗೊಂಚಲು ಕಟ್ಟುತ್ತೇನೆ. ನನ್ನ ಬೋರ್ಡಿಗೆ ಹೆದರದ ಪ್ರಿನ್ಸಿಪಾಲರು ಅತ್ತೆಯ ಬೇವಿಗಾದರೂ ಹೆದರಿಯಾರು.