ಬಯಕೆಯ ಉಪ್ಪಿನಕಾಯಿ, ನೇರಳೆ ಬಣ್ಣದ ಪಟ್ಟಿ

ಮೊದಲು ಅಮ್ಮನ ಸೀರೆಯ ನೆರಿಗೆ ನಿಲ್ಲದಾಯಿತು. ಆಮೇಲೆ ಹೊಟ್ಟೆ ಎಷ್ಟು ಮುಂದೆ ಬಂತೆಂದರೆ, ಅಮ್ಮನಿಗಿಂತ ಮೊದಲೇ ಅಡುಗೆಮನೆ ತಲುಪಿ ಕಾಫಿ ಕೇಳುತ್ತಿತ್ತು.

ಸಿರೋಸಿಸ್. ಯಾವುದೋ ಹಳೆಯ ವೈರಸ್ ಲಿವರನ್ನು ಕೆಡಿಸಿ ಹೊಟ್ಟೆಯಲ್ಲಿ ನೀರು ತುಂಬಿಸಿತ್ತು. ಡಾಕ್ಟರು ಉಪ್ಪು ಬಂದ್ ಮಾಡಿದರು.

ಭದ್ರಾವತಿಯ ನಮ್ಮ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ ಲಿವರ್ ಕೆಟ್ಟಿತೆಂದರೆ ಒಂದೇ ಅರ್ಥ: ಕುಡಿತ. ಹಾಗಾಗಿ ಪಕ್ಕದ ಮನೆಯ ಸೆಲ್ವಿಯಕ್ಕ, "ಎಷ್ಟ್ ತಿಂಗ್ಳಕ್ಕಾ?" ಎಂದಾಗ ಅಮ್ಮ ಸುಮ್ಮನೆ ನಕ್ಕಳು. ಆ ಒಂದು ನಗುವಿಗೆ ಇಡೀ ಸಾಲೇ ಬಸುರಿಯ ಬಯಕೆ ತೀರಿಸಲು ಹೊರಟಿತು. ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ. ಸಪ್ಪೆ ಊಟದಿಂದ ಬೇಸತ್ತಿದ್ದ ಅಮ್ಮ ಕದ್ದು ತಿಂದಳು. ಹೊಟ್ಟೆ ಇನ್ನೂ ಉಬ್ಬಿತು.

ಆಮೇಲೆ ಜ್ವರ. ಹೊಟ್ಟೆನೋವು. ಒಂದು ಬೆಳಿಗ್ಗೆ ನನ್ನನ್ನೇ ನೋಡುತ್ತಾ, "ಯಾರ್ ಮನೆ ಹುಡ್ಗಿನೇ ನೀನು?" ಎಂದಳು.

ನಾನು ಅಪ್ಪನನ್ನು ಕೂಗಿ ಆಟೋ ತರಿಸಿದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಹಾಕಿ ಹೊಟ್ಟೆಯ ನೀರು ತೆಗೆದರು. "ಇನ್‌ಫೆಕ್ಷನ್ ಇದ್ರೆ ಕಾಯೋಕಾಗಲ್ಲ. ಲ್ಯಾಬ್ ರಿಪೋರ್ಟ್ ಬರೋದು ನಾಳೆ," ಎನ್ನುತ್ತಾ ಯೂರಿನ್ ಟೆಸ್ಟಿನ ಪಟ್ಟಿಯೊಂದನ್ನು ಆ ನೀರಿನಲ್ಲಿ ಅದ್ದಿ, ಮಂಚದ ಪಕ್ಕದಲ್ಲೇ ಗಡಿಯಾರ ನೋಡುತ್ತಾ ನಿಂತರು. "ನೇರಳೆ ಆದ್ರೆ ಇನ್‌ಫೆಕ್ಷನ್."

ನಾನು ಪಿಯುಸಿ ಸೈನ್ಸ್. ಅಂದರೆ ಕ್ವಾರ್ಟರ್ಸ್‌ಗೆಲ್ಲ ಅರ್ಧ ಡಾಕ್ಟರ್. "ಲಿಟ್ಮಸ್ ತರಾನಾ ಸಾರ್?" ಎಂದೆ.

"ಸುಮ್ನಿರೇ ಮಾರಾಯ್ತಿ," ಅಪ್ಪ ಪಿಸುಗುಟ್ಟಿದರು. ಅಷ್ಟರಲ್ಲಿ ಅವರು ನಮ್ಮೂರ ದೇವರಿಗೆಲ್ಲ ಹರಕೆ ಹೊತ್ತು ಮುಗಿಸಿ, ಹೊಳೆಹೊನ್ನೂರಿನ ದೇವರಿಗೆ ಕೈ ಹಾಕಿದ್ದರು.

ಪಟ್ಟಿ ನೇರಳೆಯಾಯಿತು.

"ಸಿಸ್ಟರ್, ಆಂಟಿಬಯೋಟಿಕ್ ಈಗ್ಲೇ ಶುರು ಮಾಡಿ."

ಮರುದಿನ ಬಂದ ರಿಪೋರ್ಟೂ ಅದನ್ನೇ ಹೇಳಿತು. ಅಷ್ಟರಲ್ಲಿ ಔಷಧಿ ಅಮ್ಮನ ಮೈ ಸೇರಿತ್ತು. ಜ್ವರ ಇಳಿದ ದಿನ ಅಮ್ಮ ಕಣ್ಣು ಬಿಟ್ಟು, "ತಲೆ ಬಾಚ್ಕೊಳೇ, ದೆವ್ವದಂಗ್ ಕಾಣ್ತೀಯ," ಎಂದಳು. ನಾನು ಹೊರಗೆ ಓಡಿ ಅತ್ತೆ. ಎಷ್ಟು ಅತ್ತೆನೆಂದರೆ, ತುಂಗೆ ತುಂಬಿದ್ದರೆ ಅದಕ್ಕೆ ನಾನೇ ಕಾರಣ. ಮತ್ತೆ ಹೊಟ್ಟೆಯ ನೀರು ತೆಗೆದು ಅದ್ದಿದ ಪಟ್ಟಿ ಬಣ್ಣ ಬದಲಿಸಲಿಲ್ಲ.

ಮನೆಗೆ ಬಂದಾಗ ಸೆಲ್ವಿಯಕ್ಕ ಬಾಗಿಲಲ್ಲೇ ನಿಂತಿದ್ದಳು. "ಪಾಪು ಎಲ್ಲಕ್ಕಾ?"

ಅಮ್ಮ ಗೋಡೆ ಹಿಡಿದುಕೊಂಡಳು. "ಪಾಪು ಅಲ್ಲ ಸೆಲ್ವಿ, ನೀರು. ಲಿವರ್ ಕೆಟ್ಟಿದೆ. ಉಪ್ಪು ತಿನ್ನೋ ಹಾಗಿಲ್ಲ. ಕುಡ್ದು ಬಂದಿದ್ದಲ್ಲ ಕಣೇ."

ಸೆಲ್ವಿಯಕ್ಕ ತನ್ನ ಮನೆಗೆ ಹೋದಳು.

ಲಿವರ್ ಹಾಗೇ ಇದೆ. ನೀರು ಮತ್ತೆ ತುಂಬಬಹುದು, ಮತ್ತೆ ಸೂಜಿ, ಮತ್ತೆ ಪಟ್ಟಿ. ಅಮ್ಮ ಹೆಸರು ತಪ್ಪಿ ಕರೆದರೂ ನಾನು ಹಣೆ ಮುಟ್ಟಿ ಜ್ವರ ನೋಡುತ್ತೇನೆ.

ಆದರೆ ನಾವು ಮನೆಗೆ ಬಂದ ಮರುದಿನ ಬೆಳಿಗ್ಗೆ ಸೆಲ್ವಿಯಕ್ಕ ಉಪ್ಪಿಲ್ಲದ ಇಡ್ಲಿ ತಂದಳು. ಅಷ್ಟು ಸಪ್ಪೆ ಇಡ್ಲಿಯನ್ನು ಕಾಗೆಯೂ ವಾಪಸ್ ಕೊಟ್ಟೀತು. ಅಮ್ಮ ತಿಂದಳು. ಎದುರಿಗೆ ಕೂತು ಸೆಲ್ವಿಯಕ್ಕನೂ ಅದನ್ನೇ ತಿಂದಳು.