ಎಣ್ಣೆಬಟ್ಟೆ ಆಡಿಸದ ಬೆಳಿಗ್ಗೆ

ಆ ಹೋಟೆಲಿನ ಹಿತ್ತಲಲ್ಲಿದ್ದ ಬಾರ್ಬೆಕ್ಯೂ ಒಲೆ ಸಂಜೆ ಅಡುಗೆಯವನದು, ಬೆಳಿಗ್ಗೆ ಮಸಿಯಮ್ಮನದು. ಕೆಂಡದ ಮೇಲೆ ಮೀನು ಚುರುಗುಟ್ಟುವಾಗಿನ ಹೊಗಳಿಕೆಯೆಲ್ಲ ಅವನ ಪಾಲಿಗೆ. ಬೂದಿ, ಜಿಡ್ಡು, ಕರಕಲು ಇವಳ ಪಾಲಿಗೆ. ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಹನ್ನೊಂದು ವರ್ಷದಿಂದ ಉಗುರುಸಂದಿನಲ್ಲಿ ಕೂತ ಕಪ್ಪು ಅದನ್ನು ಮರೆಸಿಬಿಟ್ಟಿತ್ತು.

ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದ್ದಳು. ಲಾಂಡ್ರಿ ಮುಚ್ಚಿತು. "ಬಿಳಿ ಬಟ್ಟೆ ಬಿಟ್ಟು ಕರಿ ಒಲೆಗೆ ಬಂದೆ ನೋಡು," ಎಂದು ಮೊದಮೊದಲು ತಾನೇ ತಮಾಷೆ ಮಾಡುತ್ತಿದ್ದಳು. ಈಚೆಗೆ ತಮಾಷೆಗೂ ಉಸಿರು ಸಾಲುತ್ತಿರಲಿಲ್ಲ. ಮನೆಯಲ್ಲಿ ಅಕ್ಕ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅವಳನ್ನು ಎಬ್ಬಿಸಿ ಕೂರಿಸಿ, ಮೈ ಒರೆಸಿ, ತಿನ್ನಿಸಿ, ಆಮೇಲೆ ಮಸಿಯಮ್ಮ ಇತ್ತ ಓಡಿ ಬರಬೇಕು.

ಕೆಲಸವೇನೋ ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಅಭ್ಯಾಸವಾಗಿತ್ತು. ಮೊದಲು ಬೂದಿಯ ಮೇಲೆ ಕೈ ಹಿಡಿದು, ಒಳಗೆಲ್ಲೋ ಕೆಂಡ ಉಳಿದಿದೆಯೇ ಎಂದು ನೋಡುವಳು. ತಣ್ಣಗಾಗಿದ್ದರೆ ಅದನ್ನು ಮುಚ್ಚಳವಿರುವ ತಗಡಿನ ಡಬ್ಬಕ್ಕೆ ತುಂಬುವಳು. ಒಲೆಯಲ್ಲೇ ಬಿಟ್ಟರೆ ಬೂದಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ತಳದ ಗಾಳಿಕಿಂಡಿಗಳಿಗೆ ಕಡ್ಡಿ ಹಾಕಿ ಬಿಡಿಸಿ, ಮುಚ್ಚಳದೊಳಗೆ ಹಳೇ ಸುಣ್ಣದಂತೆ ಚಕ್ಕೆ ಎದ್ದ ಜಿಡ್ಡನ್ನು ಕೆರೆದು, ಜಾಲರಿಯನ್ನು ತಂತಿ ಬ್ರಷ್ಷಿನಿಂದ ತಿಕ್ಕುವಳು. ಕೊನೆಗೆ ಎಣ್ಣೆ ಅದ್ದಿದ ಬಟ್ಟೆಯನ್ನು ಒಂದೊಂದೇ ಕಂಬಿಯ ಮೇಲೆ ಆಡಿಸುವುದು. ತುಕ್ಕು ಹಿಡಿಯದಿರಲಿ ಎಂದಷ್ಟೇ ಅಲ್ಲ. ಬ್ರಷ್ಷಿನಿಂದ ಉದುರಿದ ತಂತಿ ಎಳೆಯೇನಾದರೂ ಇದ್ದರೆ ಆ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಬ್ರಷ್ ಬೋಳಾಗುತ್ತ ಬಂದಿತ್ತು. ಹೊಸದು ತನ್ನಿ ಎಂದು ಮಾಲೀಕನಿಗೆ ಮೂರು ಸಲ ಹೇಳಿದ್ದಳು. "ನಾಳೆ ತರ್ತೀನಮ್ಮಾ," ಎಂದು ಅವನೂ ಮೂರು ಸಲ ಹೇಳಿದ್ದ.

ಆ ಗುರುವಾರ ಅಕ್ಕನಿಗೆ ಜ್ವರ. ಒಂದಿಷ್ಟೂ ನಿದ್ದೆಯಿಲ್ಲದೆ ಬಂದ ಮಸಿಯಮ್ಮ ಜಾಲರಿ ತಿಕ್ಕಿ ಮುಗಿಸುವಷ್ಟರಲ್ಲಿ ಭುಜ ಸೋತುಹೋಯಿತು. ಎಣ್ಣೆಬಟ್ಟೆ ಮೊಳೆಯಲ್ಲಿ ನೇತಾಡುತ್ತಿತ್ತು. ನಾಲ್ಕೇ ಹೆಜ್ಜೆ. ಒಂದು ದಿನ ತಾನೆ ಅಂದುಕೊಂಡು ಒಲೆಯ ಮುಚ್ಚಳ ಮುಚ್ಚಿದಳು.

ಅವತ್ತು ಸಂಜೆ, ಗುರುವಾರ ತಪ್ಪದೆ ಮೀನು ತಿನ್ನಲು ಬರುವ ಪಕ್ಕದ ಬೀದಿಯ ಟೈಲರ್ ಎರಡನೇ ತುತ್ತಿಗೇ ಬಾಯಿ ಹಿಡಿದುಕೊಂಡ. ಮುಳ್ಳಿರಬೇಕೆಂದು ಎಲ್ಲರೂ ಅಂದುಕೊಂಡರು. ಡಾಕ್ಟರು ಅವನ ನಾಲಿಗೆಯಿಂದ ಕಿತ್ತು ತೆಗೆದದ್ದು ಉಗುರಿನುದ್ದದ ತಂತಿ.

ಮಾರನೆಯ ಬೆಳಿಗ್ಗೆ ಮಾಲೀಕ ಮುಖ ಸಣ್ಣಗೆ ಮಾಡಿಕೊಂಡು ಕಾಯುತ್ತಿದ್ದ.

"ತಪ್ಪು ನಂದೇ ಅಮ್ಮಾ. ನೀವು ಬಡ್ಕೊಂಡ್ರಿ, ನಾನು ಬ್ರಷ್ ತರ್ಲಿಲ್ಲ."

"ನಿನ್ನೆ ನಾನು ಬಟ್ಟೆ ಆಡಿಸಿರ್ಲಿಲ್ಲ," ಎಂದಳು ಮಸಿಯಮ್ಮ.

"ಅಯ್ಯೋ ಬಿಡಿ. ಆ ಹಾಳು ಬ್ರಷ್ಷಿಗೆ ನೀವೇನ್ ಮಾಡ್ತೀರಿ?" ಎಂದು ಅವನು ಬ್ರಷ್ಷನ್ನು ಕಸಕ್ಕೆ ಎಸೆದ. ಅವನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಬೈದಿದ್ದರೆ ಅವಳೂ ತಿರುಗಿ ನಾಲ್ಕು ಮಾತು ಅಂದು ಸರಿಹೋಗುತ್ತಿದ್ದಳೇನೋ. ಯಾರೂ ಬೈಯಲಿಲ್ಲ. ಮೂರನೆಯ ದಿನ ಕೆಲಸ ಮುಗಿಸಿ ನೇರ ಟೈಲರ್ ಅಂಗಡಿಗೆ ಹೋದಳು. ಅವನು ಕೋಟೊಂದರ ತೋಳು ಬಿಚ್ಚುತ್ತಿದ್ದ. ನಾಲಿಗೆ ಊದಿ ಮಾತು ತೊದಲುತ್ತಿತ್ತು.

"ಹೋಟೆಲಲ್ಲಿ ಒಲೆ ತೊಳೆಯೋಳು ನಾನೇ. ಅವತ್ತು ಕೊನೇಲಿ ಬಟ್ಟೆ ಆಡಿಸ್ಬೇಕಿತ್ತು. ಸುಸ್ತಾಗಿತ್ತು, ಬಿಟ್ಬಿಟ್ಟೆ. ಆಡಿಸಿದ್ರೆ ಆ ತಂತಿ ಸಿಕ್ಕಿರೋದು."

ಟೈಲರ್ ಕತ್ತರಿ ಕೆಳಗಿಟ್ಟ. "ನಲವತ್ತು ವರ್ಷ ಬಾಯಲ್ಲಿ ಗುಂಡುಸೂಜಿ ಕಚ್ಕೊಂಡು ಬದುಕಿದೋನು ನಾನು. ಒಂದೂ ಚುಚ್ಚಿರ್ಲಿಲ್ಲ. ನಿಮ್ಮ ಮೀನು ಚುಚ್ತು!" ಅವನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಇದನ್ನ ನನಗ್ಯಾಕೆ ಹೇಳೋಕೆ ಬಂದ್ರಿ? ನಿಮ್ಮ ಮನಸ್ಸು ಹಗುರಾಗ್ಲಿ ಅಂತಾನಾ?"

"ಹೂಂ," ಎಂದಳು.

ಅವಳ ಮುಖದಲ್ಲಿ ಅವನಿಗೆ ಏನು ಕಂಡಿತೋ, "ಮೊದ್ಲು ಕೂತ್ಕೊಳ್ಳಿ," ಎಂದು ಸ್ಟೂಲನ್ನು ಕಾಲಿನಿಂದಲೇ ಅವಳತ್ತ ತಳ್ಳಿ ಮಿಷನ್ ತುಳಿಯತೊಡಗಿದ. ಅವಳು ಗೋಡೆಗೆ ಒರಗಿದಳು. ಬೈಗುಳ ಇನ್ನೂ ಬಾಕಿಯಿದೆ ಎಂದು ಕಾಯುತ್ತ ಕೂತವಳಿಗೆ ಕಣ್ಣು ಎಳೆದುಕೊಂಡು ಹೋದದ್ದೇ ಗೊತ್ತಾಗಲಿಲ್ಲ.

ಎಚ್ಚರವಾದಾಗ ಬಿಸಿಲು ಆಚೆ ಗೋಡೆಗೆ ಸರಿದಿತ್ತು. ಟೈಲರ್ ಗಿರಾಕಿಯೊಬ್ಬನ ಅಳತೆಯನ್ನು ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತ ಬರೆದುಕೊಳ್ಳುತ್ತಿದ್ದ. ಅವಳು ಗಡಬಡಿಸಿ ಎದ್ದಳು.

"ಎಷ್ಟೊತ್ತಾಯ್ತು?"

"ಎರಡು ಗಂಟೆ. ಗೊರಕೆ ಬೇರೆ, ಮಿಷನ್ ಸದ್ದೇ ಕೇಳಿಸ್ಲಿಲ್ಲ." ಆಮೇಲೆ ಕೇಳಿದ: "ನಿಮಗೆ ರಜಾನೇ ಕೊಡಲ್ವಾ?"

ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅವಳೂ ಮಾಲೀಕನನ್ನು ಕೇಳಿರಲಿಲ್ಲ.

ಮಾರನೆಯ ದಿನ ಕೇಳಿದಳು. ಮಾಲೀಕ ತಲೆ ಕೆರೆದುಕೊಂಡ, ರಾಗ ಎಳೆದ, ಕೊನೆಗೆ ಹದಿನೈದು ದಿನಕ್ಕೊಂದು ರಜೆ ಎಂದ. ಅವತ್ತು ಅಡುಗೆಯವನೇ ಒಲೆ ತೊಳೆಯಲಿ. ತಂತಿ ಬ್ರಷ್ ಮಾತ್ರ ಬೇಡವೇ ಬೇಡ ಎಂದು ಅವಳು ಪಟ್ಟು ಹಿಡಿದು, ಬಡಗಿಯ ಕೈಯಲ್ಲಿ ಗಟ್ಟಿ ಮರದ ಹಲಗೆಯೊಂದನ್ನು ಕೆತ್ತಿಸಿಕೊಂಡಳು. ಅದರಲ್ಲಿ ಕೆರೆಯುವುದಕ್ಕೆ ಅರ್ಧ ಗಂಟೆ ಹೆಚ್ಚೇ ಹಿಡಿಯಿತು.

ಮೊದಲ ರಜೆ ಅಕ್ಕನ ಹೊದಿಕೆಗಳನ್ನು ಒಗೆಯುವುದರಲ್ಲಿ ಕಳೆಯಿತು. "ರಜಾ ಅಂದ್ಯಲ್ಲೇ?" ಎಂದು ಅಕ್ಕ ನಕ್ಕಳು. ಮರುದಿನ ಹೋಗಿ ನೋಡಿದರೆ ಅಡುಗೆಯವನು ಗಾಳಿಕಿಂಡಿ ಮುಟ್ಟಿರಲೇ ಇಲ್ಲ, ಒಲೆಯಡಿ ಜಿಡ್ಡು ಹಿಡಿಯುವ ತಟ್ಟೆ ತುಂಬಿ ಸೋರುತ್ತಿತ್ತು. ಸೊಂಟ ಹಿಡಿದುಕೊಂಡು ನಿಂತಿದ್ದ ಅವನು, "ದಿನಾ ಇದನ್ನ ಹೇಗೆ ಮಾಡ್ತೀರಮ್ಮಾ?" ಎಂದ. ಅವಳು ತಟ್ಟೆ ಎತ್ತಿಕೊಂಡಳು.

ಟೈಲರ್ ಒಂದೂವರೆ ತಿಂಗಳು ಬಿಟ್ಟು ಮತ್ತೆ ಬರತೊಡಗಿದ. ಕನ್ನಡಕ ಏರಿಸಿಕೊಂಡು, ಒಂದೊಂದು ತುತ್ತನ್ನೂ ಬಿಡಿಸಿ ನೋಡಿಯೇ ತಿನ್ನುತ್ತಾನೆಂದು ಅಡುಗೆಯವನು ದೂರು ಹೇಳಿದ.

"ನೋಡ್ಲಿ ಬಿಡಪ್ಪಾ," ಎಂದು ಮಸಿಯಮ್ಮ ಬೂದಿ ತುಂಬತೊಡಗಿದಳು.