ಕಡವಿನ ಕರಪತ್ರ

ನೇತ್ರಾವತಿ ಹೊಳೆಗೆ ಆಗ ರೈಲಿನ ಸಂಕ ಮಾತ್ರ ಇತ್ತು, ರಸ್ತೆಯ ಸೇತುವೆ ಇನ್ನೂ ಆಗಿರಲಿಲ್ಲ. ಪೇಟೆಯ ಮಣ್ಣಗುಡ್ಡದಲ್ಲಿ ಅಕ್ಕನ ಮನೆಯಲ್ಲಿ ವಾಸ, ಹೊಳೆಯಾಚೆ ಉಳ್ಳಾಲದ ಶಾಲೆಯಲ್ಲಿ ಮಾಸ್ತರ ಕೆಲಸ. ಹಾಗಾಗಿ ನಾನು ದಿನಾ ಬೆಳಿಗ್ಗೆ ಕಡವಿನ ದೋಣಿಯಲ್ಲಿ ಹೊಳೆ ದಾಟುತ್ತಿದ್ದೆ. ಉಳ್ಳಾಲದ ಡಿಸ್ಪೆನ್ಸರಿಯ ನರ್ಸ್ ಕೂಡ ಅದೇ ಕಡವಿನಿಂದ ಹೋಗುವವರು. ಬಲ್ಮಠದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಮನೆಯವರು, ನನಗಿಂತ ಸಾಕಷ್ಟು ಹಿರಿಯರು. ನಾವೆಲ್ಲ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದೆವು.

ಕಡವಿನ ಗುತ್ತಿಗೆದಾರ ದೋಣಿ ತುಂಬಿದ ಮೇಲೂ ಜನ ಹತ್ತಿಸುತ್ತಿದ್ದ. ಇದು ಸರಿಯಲ್ಲ ಎಂದು ನಾವು ಕೆಲವು ಪ್ರಯಾಣಿಕರು ಒಂದು ಸಮಿತಿ ಮಾಡಿಕೊಂಡೆವು. ಪೇಟೆಯಲ್ಲಿ ಹೆಚ್ಚು ಜನ ಓದುತ್ತಿದ್ದ ಪತ್ರಿಕೆಗೆ ಎರಡು ಮೂರು ಸಲ ಬರೆದೆವು. ಒಂದೂ ಅಚ್ಚಾಗಲಿಲ್ಲ. ಪತ್ರಿಕೆಯ ಮಾಲೀಕರೂ ಗುತ್ತಿಗೆದಾರನೂ ಬೀಗರು ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ.

ಮಳೆಗಾಲ ಮುಗಿಯುತ್ತಾ ಬಂದಿತ್ತು, ಹೊಳೆ ಇನ್ನೂ ತುಂಬಿತ್ತು. ಒಂದು ಬೆಳಿಗ್ಗೆ ನಾನಿದ್ದ ದೋಣಿಗೆ ಉಳ್ಳಾಲದ ದಡ ಹತ್ತಿರವಾಗುವಾಗ ನೀರು ನುಗ್ಗಿತು. ಜನ ಗಾಬರಿಯಲ್ಲಿ ಎದ್ದು ನಿಂತರು, ದೋಣಿ ಮಗುಚಿತು. ಹೆಚ್ಚಿನವರ ಕಾಲಿಗೆ ನೆಲ ಸಿಕ್ಕಿತು. ಪೇಟೆಯಲ್ಲಿ ಮೀನು ಮಾರಿ ವಾಪಸು ಬರುತ್ತಿದ್ದ ಒಬ್ಬ ಹೆಂಗಸು ಮಾತ್ರ ದೋಣಿಯ ಅಡಿಗೆ ಸಿಕ್ಕಿಕೊಂಡಳು. ಎಳೆದು ದಡಕ್ಕೆ ತರುವಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಮೊದಲ ದೋಣಿಗೇ ಬಂದು ಕೆಲಸದಲ್ಲಿದ್ದ ಬಾಯಮ್ಮ ಓಡಿ ಬಂದರು. ಅವಳನ್ನು ಕವುಚಿ ಮಲಗಿಸಿ, ಬೆನ್ನು ಒತ್ತಿ ಒತ್ತಿ ನೀರು ತೆಗೆದರು. ಉಸಿರು ಬಂದಾಗ ಆ ಹೆಂಗಸು ಮೊದಲು ಕೇಳಿದ್ದು ತನ್ನ ಬುಟ್ಟಿಯನ್ನು. ಮರುದಿನ ಅವಳು ಮನೆಗೆ ಹೋದಳು.

ಪತ್ರಿಕೆಯಲ್ಲಿ ಬಂದ ಸುದ್ದಿಯ ಪ್ರಕಾರ ಕೆಲವು ಪ್ರಯಾಣಿಕರು ದೋಣಿಯಲ್ಲಿ ಗಲಾಟೆ ಮಾಡಿದ್ದರು, ಗುತ್ತಿಗೆದಾರನ ಜನ ಹೊಳೆಗೆ ಹಾರಿ ಎಲ್ಲರನ್ನೂ ಉಳಿಸಿದ್ದರು. ಸಮಿತಿಯ ಹಿಂದೆ ರಾಜಕೀಯ ಉಂಟೆಂದು ಬೇರೆ ಬರೆದಿದ್ದರು.

ನನ್ನ ಅಕ್ಕನ ಗಂಡನಿಗೆ ಪೇಟೆಯಲ್ಲಿ ಒಂದು ಸಣ್ಣ ಪ್ರೆಸ್ ಇತ್ತು. ಭಾವ ಸಮಿತಿಯಲ್ಲೂ ಇದ್ದರು. ನಾವೇ ಒಂದು ಕರಪತ್ರ ತರುವುದೆಂದು ಅವರ ಪ್ರೆಸ್ಸಿನಲ್ಲಿ ಸೇರಿದೆವು, ಬಾಯಮ್ಮನೂ ಬಂದಿದ್ದರು. ಭಾವ ಮೊದಲೇ ಬರೆದಿಟ್ಟಿದ್ದರು. ಅದರಲ್ಲಿ ಮೀನಿನ ಹೆಂಗಸು ಸತ್ತಿದ್ದಳು, ದೋಣಿಯವನು ಕುಡಿದಿದ್ದ.

"ಅವಳು ಬದುಕಿದ್ದಾಳಲ್ಲ ಭಾವ," ಎಂದೆ.

"ಅದು ಪೇಟೆಯವರಿಗೆ ಎಂತ ಗೊತ್ತು? ಅವರು ಸುಳ್ಳು ಹಾಕುವಾಗ ಯಾರನ್ನು ಕೇಳಿದ್ರು? ಅವರ ಆಟವನ್ನೇ ಆಡಬೇಕು ಮಾರಾಯ. ಇಲ್ಲದಿದ್ರೆ ನಿಜವಾಗಿ ಒಬ್ಬರು ಸಾಯುವವರೆಗೆ ಯಾರೂ ತಿರುಗಿ ನೋಡುವುದಿಲ್ಲ."

ಬಾಯಮ್ಮ ಕಾಗದ ಎತ್ತಿಕೊಂಡು ನಿಧಾನವಾಗಿ ಓದಿದರು.

"ನಾನು ಅಷ್ಟು ಕಷ್ಟಪಟ್ಟು ಬದುಕಿಸಿದವಳನ್ನು ನೀವು ಕಾಗದದಲ್ಲಿ ಕೊಲ್ಲುವುದು ಎಂತಕ್ಕೆ?" ಎಂದರು.

"ಹಾಗಾದ್ರೆ ಪ್ರಜ್ಞೆ ಇಲ್ಲದೆ ದಡಕ್ಕೆ ತಂದ್ರು ಅಂತ ಹಾಕಿ ನಿಲ್ಲಿಸುವ. ಅದು ಸುಳ್ಳಲ್ಲವಲ್ಲ," ಎಂದರು ಭಾವ.

"ಮರುದಿನ ಮನೆಗೆ ಹೋದಳು ಅಂತಲೂ ಹಾಕಿ." ಬಾಯಮ್ಮ ನನ್ನ ಕಡೆ ತಿರುಗಿದರು. "ಮಾಸ್ತರರೇ, ಜನ ಎದ್ದು ನಿಂತದ್ದು ಹೌದಾ?"

"ಹೌದು. ಆದರೆ ನೀರು ಬಂದ ಮೇಲೆ."

"ಅದೂ ಇರಲಿ. ದೋಣಿಯವನು?"

"ಕುಡಿದಿರಲಿಲ್ಲ. ಇನ್ನು ಹತ್ತಿಸಬೇಡಿ ಅಂತ ಅವನೇ ಕೂಗುತ್ತಿದ್ದ. ದಡದಲ್ಲಿದ್ದ ಗುತ್ತಿಗೆದಾರನ ಮನುಷ್ಯ ಕೇಳಲಿಲ್ಲ."

"ಅವರ ಕೆಲಸವನ್ನು ನಾವೇ ಮಾಡಿ ಕೊಡುವುದಾ?" ಎಂದು ಭಾವ ಸಿಟ್ಟಿನಿಂದ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಅಚ್ಚಿನ ಮೊಳೆ ಜೋಡಿಸಲು ಕುಳಿತರು. ಕರಪತ್ರ ಬಾಯಮ್ಮ ಹೇಳಿದ ಹಾಗೆಯೇ ಅಚ್ಚಾಯಿತು.

ಆ ವಾರವೇ ಪತ್ರಿಕೆ ಕರಪತ್ರದ ಒಂದು ವಾಕ್ಯವನ್ನು ಮಾತ್ರ ಎತ್ತಿಕೊಂಡು, ಜನ ಎದ್ದು ನಿಂತದ್ದನ್ನು ಸಮಿತಿಯೇ ಒಪ್ಪಿದೆ ಎಂದು ದೊಡ್ಡದಾಗಿ ಹಾಕಿತು. ನೀರು ಮೊದಲು ಬಂದ ವಿಷಯ ಅದರಲ್ಲಿ ಇರಲಿಲ್ಲ. ಭಾವ ಆ ಪುಟವನ್ನು ಮನೆಗೆ ತಂದು ನನ್ನ ಊಟದ ತಟ್ಟೆಯ ಪಕ್ಕ ಇಟ್ಟು ಹೋದರು. ಶಾಲೆಯಲ್ಲೂ ಕೆಲವರು ನಕ್ಕರು. ಬಾಯಮ್ಮನಿಗೆ ತೋರಿಸಿದಾಗ ಅವರ ಮುಖ ಕೆಂಪಾಯಿತು. "ನನಗೂ ಹೊಟ್ಟೆ ಉರಿಯುತ್ತದೆ," ಎಂದರು. "ಆದರೆ ಬೇರೆ ರೀತಿ ಬರೆಯಲಿಕ್ಕೆ ನನಗೆ ಗೊತ್ತಿಲ್ಲ."

ಸಮಿತಿಯಿಂದ ಸರಕಾರಕ್ಕೆ ಒಂದು ಅರ್ಜಿಯನ್ನೂ ಕಳಿಸಿದ್ದೆವು. ಅದರ ಮೇಲೆ ಒಬ್ಬ ಅಧಿಕಾರಿ ಕಡವಿಗೆ ಬಂದು ವಿಚಾರಣೆ ಮಾಡಿದರು. ಗುತ್ತಿಗೆದಾರನ ಸಾಕ್ಷಿಗಳ ಸಾಲಿನಲ್ಲಿ ದೋಣಿಯವನೂ ಕುಳಿತಿದ್ದ. ಅವನ ಸರದಿ ಬಂದಾಗ, ತುಂಬಿದ ದೋಣಿಗೆ ಜನ ಹತ್ತಿಸಿದ್ದು ಯಾರು, ತಾನು ಬೇಡವೆಂದದ್ದು ಎಷ್ಟು ಸಲ, ಎಲ್ಲವನ್ನೂ ತುಳುವಿನಲ್ಲಿ ಹೇಳಿಬಿಟ್ಟ. ಕರಪತ್ರವನ್ನು ಅವನ ಮಗಳು ಅವನಿಗೆ ಓದಿ ಹೇಳಿದ್ದಳೆಂದು ಆಮೇಲೆ ತಿಳಿಯಿತು. ಅದರಿಂದಲೇ ಮಾತಾಡಿದನೋ, ಹೇಗೂ ಮಾತಾಡುವವನೇ ಆಗಿದ್ದನೋ, ನನಗೆ ಈಗಲೂ ಖಚಿತವಿಲ್ಲ. ಅವನ ಕೆಲಸ ಹೋಯಿತು. ಮುಂದೆ ಅವನು ಮೀನಿನ ದೋಣಿಗಳಲ್ಲಿ ದುಡಿದ.

ಗುತ್ತಿಗೆ ಗುತ್ತಿಗೆದಾರನಿಗೇ ಉಳಿಯಿತು. ಆದರೆ ಬೆಳಿಗ್ಗೆ ಇನ್ನೊಂದು ದೋಣಿ ಬಿಡಬೇಕೆಂದೂ, ಇಷ್ಟೇ ಜನ ಎಂದು ದೋಣಿಯ ಮೇಲೆ ಬರೆಸಬೇಕೆಂದೂ ಆಜ್ಞೆ ಬಂತು. ಪತ್ರಿಕೆ ಅದನ್ನು ಗುತ್ತಿಗೆದಾರನ ಔದಾರ್ಯವೆಂದು ಬರೆಯಿತು. ಸತ್ತಳೆಂದು ಹಾಕಿದ್ದರೆ ಗುತ್ತಿಗೆಯೇ ಹೋಗುತ್ತಿತ್ತು ಎಂದು ಭಾವ ಹೇಳುತ್ತಲೇ ಇದ್ದರು. ಇರಬಹುದು. ಬದುಕಿರುವ ಹೆಂಗಸನ್ನು ಗುತ್ತಿಗೆದಾರ ಅಧಿಕಾರಿಯ ಮುಂದೆ ತಂದು ನಿಲ್ಲಿಸುತ್ತಿದ್ದ ಎಂದು ನಾನೂ ಹೇಳುತ್ತಿದ್ದೆ. ಈ ಚರ್ಚೆ ನಮ್ಮ ಮನೆಯಲ್ಲಿ ಎಷ್ಟೋ ಊಟಗಳಿಗೆ ಸಾಕಾಯಿತು. ಅಕ್ಕ ಬಡಿಸಿ ಎದ್ದು ಹೋಗುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಆ ಪತ್ರಿಕೆಯ ಮಾಲೀಕರು ಚುನಾವಣೆಗೆ ನಿಂತರು. ಎದುರು ಪಕ್ಷದ ಇಬ್ಬರು ಕರಪತ್ರ ಅಚ್ಚು ಹಾಕಿಸಲು ಭಾವನ ಪ್ರೆಸ್ಸಿಗೆ ಬಂದಾಗ ನಾನೂ ಅಲ್ಲಿದ್ದೆ. ಮಾಲೀಕರ ಮಗಳ ಬಗ್ಗೆ ಯಾರೋ ಕಟ್ಟಿದ ಕಥೆ ಅದರಲ್ಲಿತ್ತು. ಭಾವ ಪೂರ್ತಿ ಓದಿ, ಮಡಚಿ ವಾಪಸು ಕೊಟ್ಟರು.

"ಈಗ ಆಗುವುದಿಲ್ಲ. ಮೊಳೆ ಕಡಿಮೆ ಉಂಟು," ಎಂದರು. ಮೊಳೆ ತುಂಬಿದ ಪೆಟ್ಟಿಗೆಗಳು ಅವರ ಬೆನ್ನ ಹಿಂದೆಯೇ ಇದ್ದವು.

ಅವರು ಹೋದ ಮೇಲೆ ಕೇಳಿದೆ. "ಅವರ ಆಟವನ್ನೇ ಆಡಬೇಕು ಅಂತ ನೀವೇ ಹೇಳ್ತಿದ್ದಿರಲ್ಲ ಭಾವ?"

"ಈಗಲೂ ಹೇಳ್ತೇನೆ. ಆದರೆ ಆ ಹುಡುಗಿ ಎಂತ ಮಾಡಿದ್ದಾಳೆ?"

ಅಷ್ಟು ಹೇಳಿ, ಯಾರದೋ ಮದುವೆ ಕಾಗದದ ಪ್ರೂಫನ್ನು ನನ್ನ ಮುಂದಿಟ್ಟು ತಪ್ಪು ನೋಡಲು ಹೇಳಿದರು.